ವಿಶ್ವವಿದ್ಯಾಲಯದ ಎಲ್ಲ ಆವರಣಗಳಿಗೆ ಒಂದೇ ಜಾಲತಾಣ ನಿರ್ವಹಣಾ ವ್ಯವಸ್ಥೆ: ಅರ್ಜಿದಾರರ ತಿಳಿವಳಿಕೆಗಾಗಿ

ಪೀಠಿಕೆ

ಅಂಕಪಟ್ಟಿಯ ದ್ವಿಪ್ರತಿ, ವಲಸೆ ಪ್ರಮಾಣಪತ್ರ, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಘಟಿಕೋತ್ಸವ ಪ್ರಮಾಣಪತ್ರ, ಉತ್ತರ ಪತ್ರಿಕೆಯ ಮರುಮೌಲ್ಯಮಾಪನ ಮುಂತಾದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಮೊದಲು ನೋಡುವುದು ಆಯಾ ವಿಶ್ವವಿದ್ಯಾಲಯದ ಜಾಲತಾಣವನ್ನು. ಶುಲ್ಕ ಎಷ್ಟು, ಯಾವ ನಮೂನೆ, ಕೊನೆಯ ದಿನಾಂಕ ಯಾವುದು, ಅರ್ಜಿಯ ಮೇಲೆ ಯಾರ ಸಹಿ ಬೇಕು ಎಂಬ ನಾಲ್ಕು ವಿಷಯಗಳು ಅಲ್ಲಿ ಸರಿಯಾಗಿ ದೊರೆತಲ್ಲಿ ಅರ್ಧ ಕೆಲಸ ಮುಗಿದಂತೆಯೇ ಸರಿ. ಅವುಗಳಲ್ಲಿ ಒಂದು ತಪ್ಪಾಗಿದ್ದರೂ ದೂರದ ತಾಲ್ಲೂಕಿನಿಂದ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ವೆಚ್ಚ ಭರಿಸಿ ಬಂದವರು ಹಳೆಯ ಶುಲ್ಕದ ಚಲನ್ ಹಿಡಿದುಕೊಂಡು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಮರುಮೌಲ್ಯಮಾಪನದಂತಹ ಸೇವೆಗಳಲ್ಲಿ ಅವಧಿಯೇ ಅಲ್ಪವಾಗಿರುವುದರಿಂದ ಕೊನೆಯ ದಿನಾಂಕ ತಪ್ಪಿದರೆ ಮುಂದಿನ ಪ್ರವೇಶವೇ ಕೈತಪ್ಪುವ ಸಂಭವವಿರುತ್ತದೆ.

ಒಂದು ವಿಶ್ವವಿದ್ಯಾಲಯಕ್ಕೆ ಮುಖ್ಯ ಆವರಣವಲ್ಲದೆ ಸ್ನಾತಕೋತ್ತರ ಕೇಂದ್ರಗಳು, ಘಟಕ ಕಾಲೇಜುಗಳು, ಪ್ರಾದೇಶಿಕ ಕಚೇರಿಗಳು ಇರುತ್ತವೆ. ಇವುಗಳ ಜಾಲತಾಣಗಳು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಸಂಸ್ಥೆಗಳಿಂದ, ಬೇರೆ ಬೇರೆ ತಂತ್ರಾಂಶಗಳಲ್ಲಿ ಸಿದ್ಧವಾಗಿರುವುದು ಸಾಮಾನ್ಯ. ಇವೆಲ್ಲವನ್ನೂ ಒಂದೇ ವಿಷಯ ನಿರ್ವಹಣಾ ವ್ಯವಸ್ಥೆಯ ಅಡಿಯಲ್ಲಿ ತರುವ ಕಾರ್ಯವನ್ನು ಹಲವು ದೇಶಗಳ ವಿಶ್ವವಿದ್ಯಾಲಯಗಳು ಕೈಗೊಂಡಿವೆ. ಹೀಗೆ ಮಾಡುವುದರಿಂದ ಅರ್ಜಿದಾರರಿಗೆ ಆಗುವ ಅನುಕೂಲವೇನು, ಯಾವ ತೊಂದರೆ ಇದರಿಂದ ನಿವಾರಣೆಯಾಗುವುದಿಲ್ಲ, ಬದಲಾವಣೆಯ ಅವಧಿಯಲ್ಲಿ ವಹಿಸಬೇಕಾದ ಎಚ್ಚರಿಕೆ ಏನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ವಿಷಯ ನಿರ್ವಹಣಾ ವ್ಯವಸ್ಥೆ ಎಂದರೇನು?

ಮೊದಲಿನ ಜಾಲತಾಣಗಳಲ್ಲಿ ಪ್ರತಿಯೊಂದು ಪುಟವೂ ಒಂದೊಂದು ಪ್ರತ್ಯೇಕ ಕಡತವಾಗಿತ್ತು. ಒಂದು ದಿನಾಂಕವನ್ನು ತಿದ್ದಬೇಕಾದರೂ ಸಂಕೇತ ಭಾಷೆ ಬಲ್ಲ ತಂತ್ರಜ್ಞರೇ ಬೇಕಾಗಿತ್ತು. ಶಾಖೆಯಿಂದ ಟಿಪ್ಪಣಿ ಹೋಗಿ, ಗಣಕ ಕೇಂದ್ರದಲ್ಲಿ ಸರದಿ ಬಂದು, ತಿದ್ದುಪಡಿ ಪ್ರಕಟವಾಗುವ ಹೊತ್ತಿಗೆ ಆ ದಿನಾಂಕವೇ ಕಳೆದುಹೋಗಿರುವ ಸಂದರ್ಭಗಳೂ ಇರುತ್ತಿದ್ದವು. ವಿಷಯ ನಿರ್ವಹಣಾ ವ್ಯವಸ್ಥೆಯಲ್ಲಿ ಪಠ್ಯವನ್ನು ದತ್ತಸಂಚಯದಲ್ಲಿಯೂ, ಪುಟದ ವಿನ್ಯಾಸವನ್ನು ಬೇರೆ ಕಡೆಯಲ್ಲಿಯೂ ಇರಿಸಲಾಗುತ್ತದೆ. ಆದ್ದರಿಂದ ಬೆರಳಚ್ಚು ಬಲ್ಲ ಯಾವುದೇ ಸಿಬ್ಬಂದಿ ತಮ್ಮ ಹೆಸರು ಮತ್ತು ಗುಪ್ತಪದ ನೀಡಿ ಒಳಪ್ರವೇಶಿಸಿ, ಪತ್ರವೊಂದನ್ನು ಸಿದ್ಧಪಡಿಸುವಷ್ಟೇ ಸುಲಭವಾಗಿ ಸುತ್ತೋಲೆಯನ್ನು ಪ್ರಕಟಿಸಬಹುದು.

ಇಂತಹ ವ್ಯವಸ್ಥೆಗಳಲ್ಲಿ ಡ್ರೂಪಲ್, ವರ್ಡ್‌ಪ್ರೆಸ್, ಜೂಮ್ಲಾ ಎಂಬವು ಹೆಚ್ಚು ಬಳಕೆಯಲ್ಲಿವೆ. ಮೂರೂ ಮುಕ್ತ ತಂತ್ರಾಂಶಗಳಾಗಿದ್ದು, ಪರವಾನಗಿ ಶುಲ್ಕವಿರುವುದಿಲ್ಲ. 2001ರಲ್ಲಿ ಬಿಡುಗಡೆಯಾದ ಡ್ರೂಪಲ್‌ನ ಮೂಲವೇ ಒಂದು ವಿಶ್ವವಿದ್ಯಾಲಯ: ಬೆಲ್ಜಿಯಂ ದೇಶದ ಆಂಟ್‌ವರ್ಪ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಡ್ರೀಸ್ ಬೈಟಾರ್ಟ್ ಎಂಬುವರು ತಮ್ಮ ಸಹಪಾಠಿಗಳಿಗಾಗಿ ರೂಪಿಸಿದ ಸೂಚನಾ ಫಲಕವೇ ಮುಂದೆ ಈ ತಂತ್ರಾಂಶವಾಯಿತು. ವರ್ಡ್‌ಪ್ರೆಸ್ 2003ರಲ್ಲಿ ಆರಂಭವಾಗಿ, 2010ರ ಆವೃತ್ತಿಯಿಂದ ಒಂದೇ ಸ್ಥಾಪನೆಯಲ್ಲಿ ಅನೇಕ ತಾಣಗಳನ್ನು ನಡೆಸುವ ಸೌಲಭ್ಯವನ್ನು ತನ್ನ ಮೂಲದಲ್ಲಿಯೇ ಹೊಂದಿದೆ. ಅಮೆರಿಕದ ಯೇಲ್, ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಡ್ರೂಪಲ್ ಆಧಾರದ ಸಾಮಾನ್ಯ ವ್ಯವಸ್ಥೆಯನ್ನು ತಮ್ಮ ವಿಭಾಗಗಳಿಗೆ ಒದಗಿಸಿವೆ.

ಅಷ್ಟು ದೂರದ ಉದಾಹರಣೆ ಬೇಡವೆನ್ನುವವರು ನಮ್ಮ ಜಿಲ್ಲೆಗಳ ಜಾಲತಾಣಗಳನ್ನೇ ನೋಡಬಹುದು. ಎನ್‌ಐಸಿ ಸಂಸ್ಥೆಯು ಎಸ್ ತ್ರೀ ವಾಸ್ ಎಂಬ ಹೆಸರಿನಲ್ಲಿ ರೂಪಿಸಿದ ಸಾಮಾನ್ಯ ವ್ಯವಸ್ಥೆಯ ಮೇಲೆ ದೇಶದ ಬಹುಪಾಲು ಜಿಲ್ಲೆಗಳ ತಾಣಗಳು ನಡೆಯುತ್ತಿವೆ. ಮೈಸೂರು ಜಿಲ್ಲೆಯ ತಾಣವನ್ನು ಒಮ್ಮೆ ಬಳಸಿದವರಿಗೆ ಬೀದರ್ ಅಥವಾ ಉಡುಪಿಯ ತಾಣದಲ್ಲಿ ಅಧಿಸೂಚನೆಗಳು ಎಲ್ಲಿವೆ, ದೂರವಾಣಿ ಪಟ್ಟಿ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಪಠ್ಯ ಆಯಾ ಜಿಲ್ಲಾಡಳಿತದ್ದು, ಚೌಕಟ್ಟು ಎಲ್ಲರದ್ದು. ವಿಶ್ವವಿದ್ಯಾಲಯದ ಆವರಣಗಳಿಗೆ ಸಾಮಾನ್ಯ ವ್ಯವಸ್ಥೆ ಎಂದರೆ ಇದೇ ಕ್ರಮವನ್ನು ಅಳವಡಿಸುವುದು.

ಅರ್ಜಿ ಸಲ್ಲಿಸುವ ವ್ಯವಸ್ಥೆಯೇ ಬೇರೆ

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅಗತ್ಯ. ಕರ್ನಾಟಕದಲ್ಲಿ 2021-22ನೇ ಶೈಕ್ಷಣಿಕ ಸಾಲಿನಿಂದ ಪದವಿ ಪ್ರವೇಶಕ್ಕಾಗಿ ಬಳಕೆಗೆ ಬಂದ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ, ಅಂದರೆ ವಿದ್ಯಾರ್ಥಿಗಳು ಯು.ಯು.ಸಿ.ಎಂ.ಎಸ್. ಎಂದು ಕರೆಯುವ ತಂತ್ರಾಂಶ, ಜಾಲತಾಣದ ಪಠ್ಯವನ್ನು ನಿರ್ವಹಿಸುವ ವ್ಯವಸ್ಥೆಯಲ್ಲ. ಅದು ಪ್ರವೇಶ, ಪರೀಕ್ಷೆ, ಫಲಿತಾಂಶಗಳಂತಹ ವ್ಯವಹಾರಗಳನ್ನು ನಡೆಸುತ್ತದೆ. ಅಲ್ಲಿ ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಖಾತೆಯಿರುತ್ತದೆ. ವಿಷಯ ನಿರ್ವಹಣಾ ವ್ಯವಸ್ಥೆಯಲ್ಲಿ ಇರುವುದು ಎಲ್ಲರೂ ಓದಬಹುದಾದ ಸಾರ್ವಜನಿಕ ಮಾಹಿತಿ ಮಾತ್ರ. ಒಂದನ್ನು ಕಚೇರಿಯ ಕೌಂಟರ್‌ಗೂ, ಇನ್ನೊಂದನ್ನು ಕೌಂಟರ್ ಪಕ್ಕದ ಸೂಚನಾ ಫಲಕಕ್ಕೂ ಹೋಲಿಸಬಹುದು. ಸೂಚನಾ ಫಲಕದಲ್ಲಿ ಒಂದು ದಿನಾಂಕವಿದ್ದು, ಕೌಂಟರ್ ಅದಕ್ಕೂ ಮೊದಲೇ ಮುಚ್ಚಿದರೆ ಅರ್ಜಿದಾರರಿಗೆ ಎರಡರ ವ್ಯತ್ಯಾಸ ತಿಳಿದೂ ಪ್ರಯೋಜನವಿಲ್ಲ. ಆದ್ದರಿಂದ ಜಾಲತಾಣದ ವ್ಯವಸ್ಥೆಯನ್ನು ಜಾರಿಗೆ ತರುವಾಗ ಅರ್ಜಿಯ ದಿನಾಂಕ, ಶುಲ್ಕಗಳನ್ನು ಮತ್ತೆ ಕೈಯಿಂದ ಬರೆಯದೆ ಅರ್ಜಿ ವ್ಯವಸ್ಥೆಯಿಂದಲೇ ತಾನಾಗಿ ಪಡೆಯುವಂತೆ ಜೋಡಿಸುವುದು ಉತ್ತಮ. ಅಷ್ಟು ಸಾಧ್ಯವಾಗದಿದ್ದಲ್ಲಿ ನೇರ ಕೊಂಡಿಯನ್ನಾದರೂ ನೀಡಬೇಕು.

ಒಂದು ಶುಲ್ಕವನ್ನು ಒಂದೇ ಕಡೆ ಬರೆಯುವುದು

ಸಾಮಾನ್ಯ ವ್ಯವಸ್ಥೆಯ ಮುಖ್ಯ ಪ್ರಯೋಜನವೆಂದರೆ ಎಲ್ಲ ತಾಣಗಳೂ ಒಂದೇ ಬಣ್ಣದಲ್ಲಿ ಕಾಣುವುದು ಎಂದು ಹಲವರು ಭಾವಿಸಿದ್ದಾರೆ. ಉದ್ಘಾಟನಾ ಸಮಾರಂಭಗಳಲ್ಲಿ ಪರದೆಯ ಮೇಲೆ ತೋರಿಸುವುದೂ ಅದನ್ನೇ. ಆದರೆ ಅರ್ಜಿದಾರರ ದೃಷ್ಟಿಯಿಂದ ಅದಕ್ಕಿಂತ ಬಹಳ ಹೆಚ್ಚಿನ ಮಹತ್ವದ ಸಂಗತಿ ಬೇರೊಂದಿದೆ.

ಉದಾಹರಣೆಗೆ, ಅಂಕಪಟ್ಟಿಯ ದ್ವಿಪ್ರತಿಗೆ ರೂ. 500 ಶುಲ್ಕವಿದ್ದು, ಸಿಂಡಿಕೇಟ್ ಸಭೆಯ ನಿರ್ಣಯದಂತೆ ಅದನ್ನು ರೂ. 600ಕ್ಕೆ ಏರಿಸಲಾಯಿತೆಂದು ಭಾವಿಸೋಣ. ಮುಖ್ಯ ಆವರಣದ ತಾಣದಲ್ಲಿ ಅದೇ ದಿನ ತಿದ್ದುಪಡಿಯಾಗುತ್ತದೆ. ಸ್ನಾತಕೋತ್ತರ ಕೇಂದ್ರದ ತಾಣದಲ್ಲಿ ಹಳೆಯ ಮೊತ್ತವೇ ಉಳಿಯುತ್ತದೆ, ಏಕೆಂದರೆ ಅಲ್ಲಿನ ತಾಣವನ್ನು ನೋಡಿಕೊಳ್ಳುತ್ತಿದ್ದ ಅತಿಥಿ ಉಪನ್ಯಾಸಕರ ಅವಧಿ ಮುಗಿದಿರುತ್ತದೆ. ಪರೀಕ್ಷಾ ವಿಭಾಗದ ಪ್ರತ್ಯೇಕ ಪುಟದಲ್ಲಿ ಶುಲ್ಕ ಹೊಸದಾಗಿದ್ದರೂ, ಕೆಳಗೆ ಇಳಿಸಿಕೊಳ್ಳಬೇಕಾದ ಅರ್ಜಿ ನಮೂನೆಯಲ್ಲಿ ಹಳೆಯದೇ ಮುದ್ರಿತವಾಗಿರುತ್ತದೆ. ಹೀಗೆ ಒಂದೇ ವಿಶ್ವವಿದ್ಯಾಲಯ ಒಂದೇ ಸೇವೆಗೆ ಒಂದೇ ದಿನ ಎರಡು ಶುಲ್ಕ ಹೇಳಿದಂತಾಗುತ್ತದೆ. ಕಡಿಮೆ ಹಣ ಕಟ್ಟಿದವರ ಅರ್ಜಿ ತಿರಸ್ಕೃತವಾಗುತ್ತದೆ, ಉಳಿದ ರೂ. 100ಕ್ಕೆ ಇನ್ನೊಂದು ಚಲನ್, ಇನ್ನೊಂದು ದಿನ.

ವಾಣಿಜ್ಯ ವಿಷಯ ಓದಿದವರಿಗೆ ಶಾಖಾ ಲೆಕ್ಕಪತ್ರದ ಪಾಠ ನೆನಪಿರಬಹುದು. ಪ್ರಧಾನ ಕಚೇರಿಯ ಪುಸ್ತಕವೂ ಶಾಖೆಯ ಪುಸ್ತಕವೂ ಬೇರೆ ಬೇರೆಯಾಗಿದ್ದಾಗ ವರ್ಷದ ಕೊನೆಯಲ್ಲಿ ಎರಡನ್ನೂ ತಾಳೆ ನೋಡುವುದೇ ದೊಡ್ಡ ಕೆಲಸ. ಬ್ಯಾಂಕುಗಳು ಕೋರ್ ಬ್ಯಾಂಕಿಂಗ್‌ಗೆ ಬದಲಾದ ಮೇಲೆ ಖಾತೆ ಒಂದೇ ಕಡೆ ಇದ್ದು, ಯಾವ ಶಾಖೆಯಲ್ಲಿ ನೋಡಿದರೂ ಅದೇ ಶಿಲ್ಕು ಕಾಣುವಂತಾಯಿತು. ಜಾಲತಾಣದ ಪಠ್ಯಕ್ಕೂ ಇದೇ ನ್ಯಾಯವನ್ನು ಅನ್ವಯಿಸಬಹುದು. ಶುಲ್ಕದ ಮೊತ್ತವನ್ನು ಹಣಕಾಸು ಅಧಿಕಾರಿಯವರ ಕಚೇರಿ ಒಂದೇ ಸ್ಥಳದಲ್ಲಿ ನಮೂದಿಸಬೇಕು. ಮುಖ್ಯ ಆವರಣ, ಕೇಂದ್ರಗಳು, ಘಟಕ ಕಾಲೇಜುಗಳ ಪುಟಗಳು ಆ ನಮೂದನ್ನು ತೋರಿಸಬೇಕೇ ಹೊರತು ತಮ್ಮದೇ ಪ್ರತಿಯನ್ನು ಇಟ್ಟುಕೊಳ್ಳಬಾರದು. ಆಗ ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತಾಗುತ್ತದೆ.

ಇದು ಸಾಧ್ಯವಾಗಬೇಕಾದರೆ ಮಾಹಿತಿಯನ್ನು ಬಿಡಿ ಬಿಡಿಯಾಗಿ ದಾಖಲಿಸಬೇಕು: ಸೇವೆಯ ಹೆಸರು, ಶುಲ್ಕ, ಜಾರಿಗೆ ಬರುವ ದಿನಾಂಕ, ಆದೇಶದ ಸಂಖ್ಯೆ, ಜವಾಬ್ದಾರ ಅಧಿಕಾರಿಯ ಪದನಾಮ ಎಂದು ಪ್ರತ್ಯೇಕ ಅಂಕಣಗಳಲ್ಲಿ. ಇಡೀ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರದ ರೂಪದಲ್ಲಿ ಏರಿಸಿದರೆ ಯಂತ್ರಕ್ಕೆ ಅದರಲ್ಲಿ ಶುಲ್ಕ ಯಾವುದು, ದಿನಾಂಕ ಯಾವುದು ಎಂದು ತಿಳಿಯುವುದಿಲ್ಲ. ಹೊಸ ವ್ಯವಸ್ಥೆ ಬಂದ ನಂತರವೂ ಹಳೆಯ ಅಭ್ಯಾಸದಂತೆ ಸ್ಕ್ಯಾನ್ ಪ್ರತಿಗಳನ್ನೇ ತುಂಬಿದರೆ ಖರ್ಚು ಮಾಡಿದ್ದು ಚೌಕಟ್ಟಿಗೆ ಮಾತ್ರ ಎಂದಾಗುತ್ತದೆ.

ಯಾರು ಬರೆಯಬೇಕು, ಯಾರು ಒಪ್ಪಬೇಕು

ಕಡತದಲ್ಲಿ ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಮೇಲಧಿಕಾರಿಗಳು ಅನುಮೋದಿಸುವಂತೆ ಈ ವ್ಯವಸ್ಥೆಗಳಲ್ಲಿಯೂ ಹಂತಗಳಿವೆ. ಕರಡು ಸಿದ್ಧಪಡಿಸುವವರೊಬ್ಬರು, ಪರಿಶೀಲಿಸಿ ಪ್ರಕಟಿಸುವವರು ಮತ್ತೊಬ್ಬರು. ಯಾರು, ಯಾವ ಗಳಿಗೆಯಲ್ಲಿ, ಯಾವ ಪದವನ್ನು ಬದಲಾಯಿಸಿದರು ಎಂಬುದು ದಾಖಲಾಗುತ್ತದೆ. ಬೇಕಾದಲ್ಲಿ ಹಿಂದಿನ ಆವೃತ್ತಿಯನ್ನು ಮರಳಿ ತರಬಹುದು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅಡಿಯಲ್ಲಿ ಕುಲಸಚಿವರು, ಮೌಲ್ಯಮಾಪನ ಕುಲಸಚಿವರು, ಹಣಕಾಸು ಅಧಿಕಾರಿ ಎಂದು ಹುದ್ದೆಗಳು ಪ್ರತ್ಯೇಕವಾಗಿಯೇ ಇವೆ. ಪರೀಕ್ಷೆಯ ಪುಟಗಳು ಒಬ್ಬರ ಹೊಣೆ, ಶುಲ್ಕದ ಪುಟಗಳು ಇನ್ನೊಬ್ಬರ ಹೊಣೆ ಎಂದು ಹಂಚಲು ಹೊಸ ಹುದ್ದೆ ಸೃಷ್ಟಿಸಬೇಕಾಗಿಲ್ಲ.

ಹೊರ ಆವರಣಗಳ ಸಿಬ್ಬಂದಿ ಈ ಕ್ರಮಕ್ಕೆ ಎತ್ತುವ ಆಕ್ಷೇಪಣೆಯನ್ನು ಮಾತ್ರ ಲಘುವಾಗಿ ಕಾಣಬಾರದು. ಮಳೆಗಾಲದಲ್ಲಿ ಮಲೆನಾಡಿನ ಅಥವಾ ಕರಾವಳಿಯ ಜಿಲ್ಲೆಯೊಂದರಲ್ಲಿ ರಾತ್ರಿ ಎಂಟು ಗಂಟೆಗೆ ಜಿಲ್ಲಾಧಿಕಾರಿಗಳು ಮರುದಿನಕ್ಕೆ ರಜೆ ಘೋಷಿಸುತ್ತಾರೆ. ಅಲ್ಲಿನ ಕೇಂದ್ರದ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಆ ಸೂಚನೆಯನ್ನು ಪ್ರಕಟಿಸಲು ನೂರಾರು ಕಿಲೋಮೀಟರ್ ದೂರದ ಮುಖ್ಯ ಆವರಣದಲ್ಲಿರುವ ಅಧಿಕಾರಿಯ ಅನುಮೋದನೆಗಾಗಿ ಬೆಳಿಗ್ಗೆ ಹತ್ತೂವರೆಯವರೆಗೆ ಕಾಯಬೇಕೆಂದರೆ, ತುಂಬಿ ಹರಿಯುವ ಹಳ್ಳ ದಾಟಿ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗೆ ಆ ಸೂಚನೆಯಿಂದ ಏನು ಪ್ರಯೋಜನ? ಆದ್ದರಿಂದ ಶುಲ್ಕ, ನಿಯಮ, ಪಠ್ಯಕ್ರಮಗಳಂತಹ ಸ್ಥಿರ ವಿಷಯಗಳು ಕೇಂದ್ರದಲ್ಲಿಯೂ, ತುರ್ತು ಸೂಚನೆಗಳನ್ನು ಪೂರ್ವಾನುಮೋದನೆಯಿಲ್ಲದೆ ತಕ್ಷಣ ಪ್ರಕಟಿಸುವ ಅಧಿಕಾರ ಆಯಾ ಆವರಣದ ನಿರ್ದೇಶಕರಲ್ಲಿಯೂ ಇರುವುದು ಸೂಕ್ತ. ತಂತ್ರಾಂಶದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಅಡ್ಡಿ ಬಂದರೆ ಅದು ಕಚೇರಿ ಆದೇಶದಲ್ಲಿ ಬರುತ್ತದೆ.

ಆವರಣದ ಹೆಸರೇ ಬದಲಾದಾಗ

ನಮ್ಮ ರಾಜ್ಯದಲ್ಲಿ ಇದು ವಿಶೇಷವಾಗಿ ಗಮನಿಸಬೇಕಾದ ಅಂಶ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿ ಮೂರಾಗಿ ವಿಭಜನೆಗೊಂಡು ಬೆಂಗಳೂರು ಕೇಂದ್ರ ಮತ್ತು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳು ಕಾರ್ಯಾರಂಭ ಮಾಡಿದವು. ಮುಂದೆ ಬೆಂಗಳೂರು ಕೇಂದ್ರ ಎಂಬುದು ಬೆಂಗಳೂರು ನಗರ ವಿಶ್ವವಿದ್ಯಾಲಯ ಎಂಬ ಹೆಸರು ಪಡೆಯಿತು. 2023ರಲ್ಲಿ ಹಾಸನ, ಕೊಡಗು, ಹಾವೇರಿ ಮುಂತಾದ ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಆರಂಭವಾದವು. ಹಾಸನದ ಹೇಮಗಂಗೋತ್ರಿ ಅದುವರೆಗೆ ಮೈಸೂರು ವಿಶ್ವವಿದ್ಯಾಲಯದ, ಕೊಡಗಿನ ಚಿಕ್ಕ ಅಳುವಾರ ಮಂಗಳೂರು ವಿಶ್ವವಿದ್ಯಾಲಯದ, ಹಾವೇರಿಯ ಕೆರಿಮತ್ತಿಹಳ್ಳಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಗಳಾಗಿದ್ದವು.

ಕಟ್ಟಡ ಅದೇ, ರಸ್ತೆ ಅದೇ, ಮರಗಳೂ ಅವೇ. ಆದರೆ ಹಿಂದೆ ಅಲ್ಲಿ ಓದಿದವರ ದಾಖಲೆ ಎಲ್ಲಿ ದೊರೆಯುತ್ತದೆ ಎಂಬ ಪ್ರಶ್ನೆ ಏಳುತ್ತದೆ. ತಮ್ಮ ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಮುದ್ರಿತವಾಗಿದೆಯೋ ಆ ವಿಶ್ವವಿದ್ಯಾಲಯವನ್ನೇ ಮೊದಲು ಸಂಪರ್ಕಿಸುವುದು ಸರಿಯಾದ ಕ್ರಮ. ಓದಿದ ಸ್ಥಳ ಈಗ ಯಾವ ಜಿಲ್ಲೆಯಲ್ಲಿದೆ, ಯಾವ ಫಲಕ ಹೊತ್ತಿದೆ ಎಂಬುದು ಮುಖ್ಯವಲ್ಲ. ಈ ಒಂದು ವಾಕ್ಯವನ್ನು ಹಳೆಯ ತಾಣದಲ್ಲಿಯೂ ಹೊಸ ತಾಣದಲ್ಲಿಯೂ ಎದ್ದುಕಾಣುವಂತೆ ಹಾಕಿದರೆ ಎಷ್ಟೋ ಜನರ ಅಲೆದಾಟ ತಪ್ಪುತ್ತದೆ. ಸಾಮಾನ್ಯ ವ್ಯವಸ್ಥೆಯಿದ್ದಲ್ಲಿ ಒಂದು ಆವರಣದ ಪುಟಗಳನ್ನು ಪ್ರತ್ಯೇಕಿಸಿ ಹೊಸ ಸಂಸ್ಥೆಗೆ ಒಪ್ಪಿಸುವುದು ಸುಲಭ. ಇಲ್ಲವಾದಲ್ಲಿ ಹಳೆಯ ತಾಣ ಯಾರಿಗೂ ಸೇರದೆ, ಯಾರೂ ಮುಚ್ಚದೆ, ಹಳೆಯ ದೂರವಾಣಿ ಸಂಖ್ಯೆಗಳನ್ನು ಹೊತ್ತು ಹಾಗೆಯೇ ಉಳಿಯುತ್ತದೆ.

ಕನ್ನಡದ ಪಠ್ಯ

ಆವರಣಗಳ ತಾಣಗಳನ್ನು ಒಗ್ಗೂಡಿಸುವಾಗ ಎದುರಾಗುವ ದೊಡ್ಡ ಕೆಲಸಗಳಲ್ಲಿ ಕನ್ನಡ ಪಠ್ಯದ ಪರಿವರ್ತನೆಯೂ ಒಂದು. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳು ನಮ್ಮ ಕಚೇರಿಗಳಲ್ಲಿ ಇಂದಿಗೂ ಸಾವಿರಾರು ಇವೆ. ಅಂತಹ ಕಡತದಿಂದ ಪಠ್ಯವನ್ನು ನಕಲು ಮಾಡಿ ನೇರವಾಗಿ ಜಾಲತಾಣಕ್ಕೆ ಅಂಟಿಸಿದರೆ ಕನ್ನಡ ಅಕ್ಷರಗಳ ಬದಲು ತಲೆಯ ಮೇಲೆ ಚುಕ್ಕೆ, ಟೊಪ್ಪಿಗೆ ಇಟ್ಟ ಯುರೋಪಿನ ಅಕ್ಷರಗಳ ಸಾಲು ಕಾಣುತ್ತದೆ. ಆ ಅಕ್ಷರವಿನ್ಯಾಸ ತಮ್ಮ ಯಂತ್ರದಲ್ಲಿ ಇದ್ದವರಿಗೆ ಮಾತ್ರ ಅದು ಕನ್ನಡವಾಗಿ ತೋರುತ್ತಿತ್ತು. ಮೊಬೈಲ್ ದೂರವಾಣಿಯಲ್ಲಿ ಓದುವವರಿಗೆ ಆ ಅನುಕೂಲವೂ ಇಲ್ಲ.

ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಅದರಲ್ಲಿ ಬರೆದ ಪಠ್ಯ ಎಲ್ಲ ಯಂತ್ರಗಳಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ ಮತ್ತು ಶೋಧನೆಗೆ ದೊರೆಯುತ್ತದೆ. ‘ವಲಸೆ ಪ್ರಮಾಣಪತ್ರ’ ಎಂದು ಕನ್ನಡದಲ್ಲಿ ಹುಡುಕಿದಾಗ ಸಂಬಂಧಿಸಿದ ಪುಟ ಬರಬೇಕಾದರೆ ಆ ಪದ ಯೂನಿಕೋಡ್‌ನಲ್ಲಿ ಇರಲೇಬೇಕು. ಹಳೆಯ ಸಂಕೇತದ ಪಠ್ಯವನ್ನು ಪರಿವರ್ತಿಸುವ ಸಾಧನಗಳಿವೆ. ಆದರೆ ಅರ್ಕಾವೊತ್ತು, ಒತ್ತಕ್ಷರ, ಪಠ್ಯದ ನಡುವಿನ ಅಂಕಿ ಹಾಗೂ ಇಂಗ್ಲಿಷ್ ಪದಗಳ ಬಳಿ ತಪ್ಪು ನುಸುಳುವ ಸಾಧ್ಯತೆಯಿದೆ. ಶುಲ್ಕ ಮತ್ತು ದಿನಾಂಕಗಳಿರುವ ಪುಟಗಳನ್ನು ಪರಿವರ್ತನೆಯ ನಂತರ ಒಬ್ಬರು ಮೂಲ ಆದೇಶದೊಡನೆ ಹೋಲಿಸಿ ಓದಲೇಬೇಕು. ಇದನ್ನು ಯಾವ ಯಂತ್ರಕ್ಕೂ ವಹಿಸಿಕೊಡುವಂತಿಲ್ಲ.

ಮತ್ತೊಂದು ಕಾರಣಕ್ಕೂ ಇದು ಮುಖ್ಯ. ದೃಷ್ಟಿದೋಷವುಳ್ಳ ಅರ್ಜಿದಾರರು ಪರದೆಯ ಪಠ್ಯವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಬಳಸುತ್ತಾರೆ. ಅದು ಕನ್ನಡವನ್ನೂ ಓದಬಲ್ಲದು. ಆದರೆ ಸ್ಕ್ಯಾನ್ ಮಾಡಿದ ಸುತ್ತೋಲೆ ಅದಕ್ಕೆ ಒಂದು ಚಿತ್ರ ಮಾತ್ರ. ಅದರಲ್ಲಿನ ಒಂದು ಅಕ್ಷರವನ್ನೂ ಅದು ಪಠ್ಯವಾಗಿ ಗುರುತಿಸದು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಮಾಹಿತಿಯನ್ನು ಇಂತಹವರಿಗೆ ಎಟುಕುವಂತೆ ಒದಗಿಸುವುದನ್ನು ಸರ್ಕಾರದ ಕರ್ತವ್ಯವೆಂದು ಹೇಳಿದೆ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ ಮೊದಲು ಹೊರಬಂದು, 2018 ಮತ್ತು 2023ರಲ್ಲಿ ಪರಿಷ್ಕೃತಗೊಂಡಿದೆ. ಹತ್ತಾರು ತಾಣಗಳನ್ನು ಒಂದೊಂದಾಗಿ ಈ ಮಾರ್ಗಸೂಚಿಗೆ ಹೊಂದಿಸುವುದಕ್ಕಿಂತ ಒಂದು ಸಾಮಾನ್ಯ ಚೌಕಟ್ಟನ್ನು ಹೊಂದಿಸುವುದು ಕಡಿಮೆ ವೆಚ್ಚದ ಕೆಲಸ.

ಸುರಕ್ಷತೆ ಮತ್ತು ನಕಲಿ ತಾಣಗಳು

ಇಂತಹ ತಂತ್ರಾಂಶಗಳಲ್ಲಿ ಆಗಾಗ ದೋಷಗಳು ಪತ್ತೆಯಾಗಿ ತಿದ್ದುಪಡಿಗಳು ಬಿಡುಗಡೆಯಾಗುತ್ತಿರುತ್ತವೆ. 2014ರ ಅಕ್ಟೋಬರ್ 15ರಂದು ಡ್ರೂಪಲ್‌ನಲ್ಲಿ ಒಂದು ಗಂಭೀರ ದೋಷವನ್ನು ಪ್ರಕಟಿಸಿ ತಿದ್ದುಪಡಿ ನೀಡಲಾಯಿತು. ಪ್ರಕಟಣೆಯ 7 ಗಂಟೆಗಳೊಳಗೆ ತಿದ್ದುಪಡಿ ಅಳವಡಿಸದ ತಾಣಗಳು ಅನ್ಯರ ವಶವಾಗಿವೆ ಎಂದೇ ಭಾವಿಸಿ ಕ್ರಮ ಕೈಗೊಳ್ಳಬೇಕೆಂದು ಎರಡು ವಾರಗಳ ನಂತರ ಅದರ ಭದ್ರತಾ ತಂಡವೇ ತಿಳಿಸಿತು. ಭಾರತೀಯ ಕಾಲಮಾನದಲ್ಲಿ ಆ ಗಡುವು ಅಕ್ಟೋಬರ್ 16ರ ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ ಮುಗಿದಿತ್ತು. ಆ ಹೊತ್ತಿನಲ್ಲಿ ಯಾವ ಕಾಲೇಜಿನ ಜಾಲತಾಣದ ಉಸ್ತುವಾರಿ ನಿದ್ದೆಯಿಂದ ಎದ್ದು ತಿದ್ದುಪಡಿ ಹಾಕಿಯಾರು? ಆವರಣಕ್ಕೊಂದು ತಾಣವಿದ್ದರೆ ಆವರಣಕ್ಕೊಂದು ಬಾಗಿಲನ್ನು ಕಾಯಬೇಕಾಗುತ್ತದೆ. ಒಂದೇ ವ್ಯವಸ್ಥೆಯಿದ್ದಲ್ಲಿ ಒಂದು ತಂಡ ಒಮ್ಮೆ ತಿದ್ದಿದರೆ ಎಲ್ಲ ತಾಣಗಳೂ ಸುರಕ್ಷಿತವಾಗುತ್ತವೆ. ಅದೇ ಕಾರಣಕ್ಕೆ ಆ ಒಂದು ತಂಡ ಮೈಮರೆತರೆ ಎಲ್ಲ ತಾಣಗಳೂ ಒಟ್ಟಿಗೆ ಅಪಾಯಕ್ಕೆ ಒಳಗಾಗುತ್ತವೆ ಎಂಬುದನ್ನೂ ಹೇಳಬೇಕು. ಡ್ರೂಪಲ್‌ನ 7ನೇ ಆವೃತ್ತಿಗೆ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೆ ಕೊನೆಗೊಂಡಿದೆ. ಇನ್ನೂ ಅದರಲ್ಲಿಯೇ ಉಳಿದಿರುವ ತಾಣಗಳು ಬೇಗ ಬದಲಾಗುವುದು ಕ್ಷೇಮ.

ಹಣ ಪಾವತಿಸುವ ಮುನ್ನ ತಾಣದ ವಿಳಾಸವನ್ನು ಅಕ್ಷರ ಬಿಡದೆ ಓದಬೇಕು. ಎಸಿ ಡಾಟ್ ಇನ್ ಮತ್ತು ಇಡಿಯು ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸಗಳನ್ನು ಎರ್ನೆಟ್ ಇಂಡಿಯಾ ಸಂಸ್ಥೆ ಮಾತ್ರ, ದಾಖಲೆ ಪರಿಶೀಲಿಸಿ ಶೈಕ್ಷಣಿಕ ಸಂಸ್ಥೆಗಳಿಗೆ ನೀಡುತ್ತದೆ. ಗವ್ ಡಾಟ್ ಇನ್ ಎಂಬುದು ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ಬೇರೆ ರೀತಿಯ ವಿಳಾಸವುಳ್ಳ ನಿಜವಾದ ವಿಶ್ವವಿದ್ಯಾಲಯಗಳೂ ಇರುವುದರಿಂದ ಅದೊಂದನ್ನೇ ಆಧರಿಸಿ ತೀರ್ಮಾನಿಸುವಂತಿಲ್ಲ. ಆದರೆ ಅನುಮಾನ ಬಂದಾಗ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ತಾಣದಲ್ಲಿರುವ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ನೋಡಬಹುದು. ಎಲ್ಲ ಆವರಣಗಳ ವಿಳಾಸವೂ ಒಂದೇ ಮೂಲ ಹೆಸರಿನ ಅಡಿಯಲ್ಲಿ ಬಂದರೆ ಗುರುತಿಸುವುದು ಇನ್ನೂ ಸುಲಭವಾಗುತ್ತದೆ.

ಬದಲಾವಣೆಯ ಅವಧಿ

ಹಳೆಯ ತಾಣಗಳಿಂದ ಹೊಸ ವ್ಯವಸ್ಥೆಗೆ ಹೋಗುವಾಗ ಎಲ್ಲ ಪುಟಗಳನ್ನೂ ಹೊತ್ತು ಸಾಗಿಸುವುದು ಸರಿಯಲ್ಲ. ಮನೆ ಬದಲಾಯಿಸುವಾಗ ಅಟ್ಟದ ಮೇಲಿನ ಮುರಿದ ಕುರ್ಚಿಯನ್ನೂ ಲಾರಿಗೆ ಏರಿಸುವವರುಂಟು. ಹತ್ತು ವರ್ಷದ ಹಿಂದಿನ ಟೆಂಡರ್ ಪ್ರಕಟಣೆ ಮುಖಪುಟದಲ್ಲಿ ಇರಬೇಕಾಗಿಲ್ಲ. ಆದರೆ ಹತ್ತು ವರ್ಷದ ಹಿಂದಿನ ಪಠ್ಯಕ್ರಮವನ್ನು ಎಸೆಯುವಂತಿಲ್ಲ: ಹೊರದೇಶಕ್ಕೆ ಹೋಗುವ ಹಳೆಯ ವಿದ್ಯಾರ್ಥಿಗಳಿಂದ ಅಲ್ಲಿನ ಸಂಸ್ಥೆಗಳು ಅವರು ಓದಿದ ಸಾಲಿನ ಪಠ್ಯಕ್ರಮದ ಪ್ರತಿಯನ್ನು ಕೇಳುವುದುಂಟು. ಯಾವುದನ್ನು ಉಳಿಸಬೇಕು, ಯಾವುದನ್ನು ಸಂಗ್ರಹಕ್ಕೆ ಹಾಕಬೇಕು, ಯಾವುದನ್ನು ತೆಗೆಯಬೇಕು ಎಂದು ಪುಟಪುಟವಾಗಿ ಪಟ್ಟಿ ಮಾಡುವ ಕೆಲಸ ಬೇಸರದ್ದು. ಅದನ್ನು ಮಾಡದೆ ಬಿಟ್ಟ ಕಡೆ ಹೊಸ ತಾಣವೂ ಹಳೆಯದರಷ್ಟೇ ಗೋಜಲಾಗುತ್ತದೆ.

ಹಳೆಯ ಪುಟದ ವಿಳಾಸವನ್ನು ಯಾರಾದರೂ ಉಳಿಸಿಕೊಂಡಿದ್ದರೆ, ಅಥವಾ ಬೇರೆ ಇಲಾಖೆಯ ಸುತ್ತೋಲೆಯಲ್ಲಿ ಅದು ಮುದ್ರಿತವಾಗಿದ್ದರೆ, ಅದನ್ನು ತೆರೆದಾಗ ಹೊಸ ಪುಟಕ್ಕೆ ತಾನಾಗಿ ಕರೆದೊಯ್ಯುವ ವ್ಯವಸ್ಥೆಯನ್ನು ಮಾಡಬೇಕು. ಇಲ್ಲವಾದಲ್ಲಿ 404 ಎಂಬ ಸಂಖ್ಯೆಯ ಸೂಚನೆ ಮಾತ್ರ ಕಾಣುತ್ತದೆ. ಪ್ರವೇಶಾತಿ ಮತ್ತು ಪರೀಕ್ಷಾ ಫಲಿತಾಂಶದ ತಿಂಗಳುಗಳಲ್ಲಿ ಬದಲಾವಣೆಯನ್ನು ಕೈಗೊಳ್ಳದಿರುವುದು ಒಳ್ಳೆಯದು. ಹಳೆಯ ಮತ್ತು ಹೊಸ ತಾಣಗಳೆರಡೂ ಏಕಕಾಲದಲ್ಲಿ ತೆರೆದಿರುವ ದಿನಗಳಂತೂ ಅರ್ಜಿದಾರರ ಪಾಲಿಗೆ ಅತ್ಯಂತ ಅಪಾಯಕಾರಿ. ಆ ದಿನಗಳಲ್ಲಿ ಹಳೆಯ ತಾಣದ ಪ್ರತಿ ಪುಟದ ನೆತ್ತಿಯ ಮೇಲೂ, ಯಾವ ದಿನಾಂಕದ ನಂತರ ಈ ಪುಟದ ಮಾಹಿತಿಯನ್ನು ನವೀಕರಿಸಿಲ್ಲ ಎಂಬ ಪಟ್ಟಿ ಇರಬೇಕು.

ಅರ್ಜಿದಾರರು ಗಮನಿಸಬೇಕಾದುದು

ತಾಣದ ಅಡಿಭಾಗದಲ್ಲಿ ‘ಕೊನೆಯದಾಗಿ ನವೀಕರಿಸಿದ ದಿನಾಂಕ’ ಎಂದು ಇರುತ್ತದೆ. ಸಾಮಾನ್ಯ ವ್ಯವಸ್ಥೆಗಳಲ್ಲಿ ಇದು ಅನೇಕ ವೇಳೆ ಇಡೀ ತಾಣಕ್ಕೆ ಸಂಬಂಧಿಸಿದ್ದು. ಬೇರೆಲ್ಲೋ ಒಂದು ಭಾವಚಿತ್ರ ಸೇರಿಸಿದರೂ ಅದು ಇಂದಿನ ದಿನಾಂಕವನ್ನೇ ತೋರಿಸಬಹುದು. ಆದ್ದರಿಂದ ತಾವು ನಂಬಬೇಕಾದದ್ದು ಸುತ್ತೋಲೆಯ ಮೇಲಿರುವ ಸಂಖ್ಯೆ, ದಿನಾಂಕ ಮತ್ತು ಸಹಿ ಮಾಡಿದ ಅಧಿಕಾರಿಯ ಪದನಾಮವನ್ನೇ. ಒಂದೇ ವಿಷಯಕ್ಕೆ ಎರಡು ಸುತ್ತೋಲೆಗಳಿದ್ದಲ್ಲಿ ಸಾಮಾನ್ಯವಾಗಿ ಈಚಿನದು ಅನ್ವಯಿಸುತ್ತದೆ. ಈಚಿನದು ಹಿಂದಿನದನ್ನು ಮಾರ್ಪಡಿಸಿದೆ ಎಂದು ಅದರ ಉಲ್ಲೇಖದಲ್ಲಿ ಬರೆದಿದೆಯೇ ಎಂದು ನೋಡಿಕೊಳ್ಳಬೇಕು.

ಎರಡು ಆವರಣಗಳ ತಾಣಗಳಲ್ಲಿ ಭಿನ್ನ ಮಾಹಿತಿ ಕಂಡುಬಂದಲ್ಲಿ, ಹಣ ಪಾವತಿಸುವ ಮೊದಲೇ ಎರಡೂ ಪುಟಗಳ ಚಿತ್ರವನ್ನು ವಿಳಾಸ ಮತ್ತು ದಿನಾಂಕ ಕಾಣುವಂತೆ ಉಳಿಸಿಕೊಂಡು, ಸಂಬಂಧಿಸಿದ ಕುಲಸಚಿವರ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ದೂರವಾಣಿಯಲ್ಲಿ ಕೇಳಿದ ಉತ್ತರಕ್ಕೆ ಮುಂದೆ ಆಧಾರವಿರುವುದಿಲ್ಲ. ಕೋರಿದ ಸೇವೆ ಸಕಾಲ ಯೋಜನೆಯ ವ್ಯಾಪ್ತಿಯಲ್ಲಿ ಇದ್ದಲ್ಲಿ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಕೇಳಿ ಪಡೆಯಬೇಕು.

ಶುಲ್ಕ ನಿಗದಿಪಡಿಸಿದ ಆದೇಶದ ಪ್ರತಿ ಜಾಲತಾಣದಲ್ಲಿ ದೊರೆಯದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅದನ್ನು ಕೋರಬಹುದು. ಸಾರ್ವಜನಿಕ ಪ್ರಾಧಿಕಾರಗಳು ಕೇಳದೆಯೇ ಪ್ರಕಟಿಸಬೇಕಾದ 17 ಬಗೆಯ ಮಾಹಿತಿಯನ್ನು ಆ ಅಧಿನಿಯಮದ 4(1)(ಬಿ) ಪ್ರಕರಣದಲ್ಲಿ ಪಟ್ಟಿ ಮಾಡಲಾಗಿದ್ದು, ರಾಜ್ಯದ ವಿಶ್ವವಿದ್ಯಾಲಯಗಳೂ ಅದಕ್ಕೆ ಒಳಪಡುತ್ತವೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ ರೂ. 10 ಆಗಿದ್ದು, ಬಡತನ ರೇಖೆಗಿಂತ ಕೆಳಗಿರುವವರಿಗೆ ವಿನಾಯಿತಿ ಇದೆ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರದಂತಿರಬೇಕು. ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಯವರ ಪದನಾಮ ಮತ್ತು ಕಚೇರಿ ವಿಳಾಸ ಜಾಲತಾಣದ ಮಾಹಿತಿ ಹಕ್ಕು ಪುಟದಲ್ಲಿ ಇರತಕ್ಕದ್ದು. ಆ ಪುಟವೇ ದೊರೆಯದಿದ್ದಲ್ಲಿ ಅರ್ಜಿಯನ್ನು ಕುಲಸಚಿವರ ಕಚೇರಿಯ ವಿಳಾಸಕ್ಕೆ ‘ಸಾರ್ವಜನಿಕ ಮಾಹಿತಿ ಅಧಿಕಾರಿಗಳು’ ಎಂದು ನಮೂದಿಸಿ ಕಳುಹಿಸಬಹುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುತ್ತದೆ. ಉತ್ತರ ಬಾರದಿದ್ದಲ್ಲಿ ಅಥವಾ ಸಮರ್ಪಕವಾಗಿಲ್ಲದಿದ್ದಲ್ಲಿ ಮುಂದಿನ 30 ದಿನಗಳೊಳಗೆ ಅದೇ ವಿಶ್ವವಿದ್ಯಾಲಯದ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ.